ಬಿಲ್ಲಿನಲ್ಲಿ ಕಾಯಿಲೆ ಹುಡುಕಿದ ತಂತ್ರಾಂಶ

‘ಕಂಪ್ಯೂಟರಿಗೆ ಜಾತಿಯಿಲ್ಲ, ಬಣ್ಣವಿಲ್ಲ, ಅದರ ತೀರ್ಪು ನಿಷ್ಪಕ್ಷಪಾತ’ ಎಂದು ಓದಿಕೊಂಡವರೇ ಹೇಳುವಾಗ ನನ್ನ ತಾಳ್ಮೆ ಕೆಡುತ್ತದೆ. ರಾಹುಕಾಲವನ್ನು ಲೇವಡಿ ಮಾಡುವವರೂ ಪರದೆಯ ಮೇಲೆ ಮೂಡಿದ ಅಂಕಿಗೆ ಕೈಮುಗಿಯುತ್ತಾರೆ. ಅಂಥವರು 2019ರ ಅಕ್ಟೋಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಓದಬೇಕು.

ಅಮೆರಿಕದ ಆಸ್ಪತ್ರೆಗಳು ಹೆಚ್ಚು ಕಾಯಿಲೆಯಿರುವವರಿಗೆ ವಿಶೇಷ ಆರೈಕೆ ಕೊಡುತ್ತವೆ. ಅದು ಯಾರಿಗೆ ಬೇಕೆಂದು ಆರಿಸಲು ತಂತ್ರಾಂಶವೊಂದು ಪ್ರತಿ ರೋಗಿಗೂ ಅಂಕ ಕೊಡುತ್ತಿತ್ತು. ಮೇಲಿನ ಶೇ 3ರಲ್ಲಿ ಬಂದವರು ತಾನಾಗಿಯೇ ಆಯ್ಕೆಯಾಗುತ್ತಿದ್ದರು. ತಂತ್ರಾಂಶಕ್ಕೆ ಯಾರ ಜನಾಂಗವನ್ನೂ ತಿಳಿಸಿರಲಿಲ್ಲ. ಆದರೂ ಒಂದೇ ಅಂಕ ಪಡೆದವರಲ್ಲಿ ಬಿಳಿಯರಿಗಿಂತ ಕಪ್ಪು ಜನರ ಕಾಯಿಲೆಯೇ ಹೆಚ್ಚಾಗಿರುವುದನ್ನು ಸಂಶೋಧಕರಾದ ಝಿಯಾದ್ ಓಬರ್‌ಮೇಯರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಕಂಡರು. ವಿಶೇಷ ಆರೈಕೆಗೆ ಆಯ್ಕೆಯಾದವರಲ್ಲಿ ಕಪ್ಪು ಜನ ಶೇ 17.7, ಈ ಓರೆ ಇಲ್ಲದಿದ್ದರೆ ಶೇ 46.5 ಇರಬೇಕಿತ್ತು.

ಗುಟ್ಟು ಇರುವುದು ತಂತ್ರಾಂಶಕ್ಕೆ ಕೊಟ್ಟ ಪ್ರಶ್ನೆಯಲ್ಲಿ. ಅದು ಊಹಿಸುತ್ತಿದ್ದುದು ಕಾಯಿಲೆಯನ್ನಲ್ಲ, ಚಿಕಿತ್ಸೆಗೆ ಮುಂದೆ ಆಗಬಹುದಾದ ಖರ್ಚನ್ನು. ಹೋಟೆಲಿನ ಬಿಲ್ ನೋಡಿ ಯಾರ ಹಸಿವು ದೊಡ್ಡದೆಂದು ತೀರ್ಮಾನಿಸಿದ ಹಾಗೆ. ಜೇಬು ಖಾಲಿಯಿದ್ದವನು ಬರೀ ಚಹಾ ಕುಡಿದು ಎದ್ದಿರುತ್ತಾನೆ, ಲೆಕ್ಕದ ಪ್ರಕಾರ ಅವನಿಗೆ ಹಸಿವೇ ಇಲ್ಲ! ಮಜಾ ಎಂದರೆ, ಖರ್ಚಿನ ಮಟ್ಟಿಗೆ ತಂತ್ರಾಂಶದ ಊಹೆ ಎರಡೂ ಗುಂಪುಗಳಿಗೆ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಹೇಳಿದ ಕೆಲಸವನ್ನು ಅದು ಚೊಕ್ಕವಾಗಿ ಮಾಡಿತ್ತು.

ಬಿಳಿಯರಷ್ಟೇ ಕಾಯಿಲೆಯಿದ್ದರೂ ಕಪ್ಪು ರೋಗಿಗಳ ಮೇಲೆ ವರ್ಷಕ್ಕೆ ಸುಮಾರು 1,800 ಡಾಲರ್ ಕಡಿಮೆ ಖರ್ಚಾಗುತ್ತಿತ್ತು. ಬಡತನ, ಆಸ್ಪತ್ರೆಯ ದೂರ, ಕಳೆದುಹೋಗುವ ದಿನಗೂಲಿ, ಎಲ್ಲವೂ ಇದರಲ್ಲಿ ಸೇರಿವೆ. ಅಪನಂಬಿಕೆಯೂ ಇದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಸೇವೆಯ ವೈದ್ಯರೇ ಸಿಫಿಲಿಸ್ ತಗುಲಿದ ನೂರಾರು ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಸುಮ್ಮನೆ ‘ಗಮನಿಸಿದ್ದರು’, ಅದಕ್ಕೆ ಮದ್ದಾದ ಪೆನ್ಸಿಲಿನ್ ಬಂದ ಮೇಲೂ! ಇಂಥ ಚರಿತ್ರೆಯಿರುವವರು ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿದರೆ ಅಚ್ಚರಿಯೇನು? ದತ್ತಾಂಶದಲ್ಲಿ ಆ ಹಿಂಜರಿಕೆ ‘ಕಡಿಮೆ ಖರ್ಚು’ ಎಂದಷ್ಟೇ ದಾಖಲಾಗುತ್ತದೆ.

ಜನಾಂಗದ ಕಲಂ ಅಳಿಸಿದರೆ ನ್ಯಾಯ ಸಿಗುತ್ತದೆಂದು ನಂಬುವ ಸಂಸ್ಥೆಗಳು ಇನ್ನೊಂದನ್ನೂ ಗಮನಿಸಬೇಕು: ಆ ಕಲಂ ಸಂಶೋಧಕರ ಕೈಯಲ್ಲಿ ಇದ್ದುದರಿಂದಲೇ ತಾರತಮ್ಯ ಬಯಲಾಯಿತು. ತಯಾರಕ ಕಂಪನಿ ತನ್ನ ಬಳಿಯಿದ್ದ ಸುಮಾರು 37 ಲಕ್ಷ ರೋಗಿಗಳ ದಾಖಲೆಯಲ್ಲಿ ಮತ್ತೆ ಪರೀಕ್ಷಿಸಿತು. ಅಲ್ಲಿಯೂ ಅದೇ ಓರೆ. ಬಳಿಕ ಸಂಶೋಧಕರ ಜೊತೆ ಕೂತು, ಖರ್ಚಿನೊಂದಿಗೆ ಕಾಯಿಲೆಯನ್ನೂ ಊಹಿಸುವಂತೆ ತಂತ್ರಾಂಶದ ಗುರಿಯನ್ನು ಬದಲಿಸಿ ನೋಡಿದಾಗ ತಾರತಮ್ಯ ಶೇ 84ರಷ್ಟು ಇಳಿಯಿತು.