ಸುಮ್ಮನಿರುವ ಹಾವು ಪಳಗಿದ ಹಾವಲ್ಲ

ಬೆಂಗಳೂರಿನಲ್ಲಿ ಚಳಿ ಬಿದ್ದ ಕೂಡಲೇ ನನ್ನ ಚಿಕಿತ್ಸಾಲಯಕ್ಕೆ, ಮನೆಯಲ್ಲಿ ಸಾಕುವ ವಿದೇಶಿ ಹೆಬ್ಬಾವುಗಳಾದ ಬಾಲ್ ಪೈಥಾನ್‌ಗಳನ್ನು ತರುವವರು ಹೆಚ್ಚುತ್ತಾರೆ, ಮತ್ತು ಅವರಲ್ಲಿ ಬಹುಮಂದಿ ಎರಡು ಸಂಗತಿಗಳನ್ನು ಒಟ್ಟಿಗೇ ಹೇಳುತ್ತಾರೆ: ಒಂದು, ಹಾವು ಇತ್ತೀಚೆಗೆ ಚೆನ್ನಾಗಿ ಪಳಗಿದೆ, ಎತ್ತಿಕೊಂಡರೂ ಮಿಸುಕುವುದಿಲ್ಲ, ಇನ್ನೊಂದು, ಅದು ತಿಂಗಳಿನಿಂದ ಇಲಿ ಮುಟ್ಟಿಲ್ಲ. ಮೊದಲನೆಯದನ್ನು ಸಂತೋಷದಿಂದಲೂ ಎರಡನೆಯದನ್ನು ಆತಂಕದಿಂದಲೂ ಹೇಳುತ್ತಾರೆ. ಈ ಎರಡಕ್ಕೂ ಕಾರಣ ಒಂದೇ ಆಗಿರಬಹುದೆಂದು ವಿವರಿಸಿ ವಿವರಿಸಿ ನನಗೆ ಸಾಕಾಗಿದೆಯಾದರೂ, ಹಾವಿನ ಜೀವದ ಪ್ರಶ್ನೆಯಾದ್ದರಿಂದ ಮತ್ತೊಮ್ಮೆ ಬರೆಯುತ್ತಿದ್ದೇನೆ.

ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಘಾನಾ, ಟೋಗೊ, ಬೆನಿನ್‌ಗಳಂತಹ ಪಶ್ಚಿಮ ಆಫ್ರಿಕಾದ ಬಿಸಿ ನೆಲದಿಂದ ಬಂದ ಈ ಜಾತಿಗೆ ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 31 ಡಿಗ್ರಿ, ಇನ್ನೊಂದು ತುದಿಯಲ್ಲಿ 25 ಡಿಗ್ರಿಯಷ್ಟಾದರೂ ಇರಬೇಕು. ಡಿಸೆಂಬರಿನ ರಾತ್ರಿ ನಮ್ಮ ಮನೆಗಳೊಳಗೆ 20 ಡಿಗ್ರಿ ಇದ್ದರೆ ನಮಗೆ ಹಿತವೆನಿಸುತ್ತದೆ. ಹಾವಿಗೆ ಮಾತ್ರ ಸ್ನಾಯುಗಳು ಜಡವಾಗುತ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಸೋಂಕನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ. ಆಗ ಕೈಗೆತ್ತಿಕೊಂಡರೆ ಅದು ಸುಮ್ಮನಿರುವುದು ಒಪ್ಪಿಗೆಯಿಂದಲ್ಲ, ಓಡುವ ತ್ರಾಣವಿಲ್ಲದ್ದರಿಂದ. ಕೊರಳಿಗೆ ಸುತ್ತಿಕೊಂಡು ಗಂಟೆಗಟ್ಟಲೆ ಇರುತ್ತದೆ ಎಂದು ಹಿಗ್ಗುವವರು, ಆ ಮನೆಯಲ್ಲಿ ಅದಕ್ಕೆ ಸಿಗುವ ಅತಿ ಬೆಚ್ಚನೆಯ ಜಾಗ ನಿಮ್ಮ ಕೊರಳೇ ಆಗಿರಬಹುದೆಂದು ಯೋಚಿಸಬೇಕು. ಆರೋಗ್ಯವಂತ ಬಾಲ್ ಪೈಥಾನ್ ಕೂಡ ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುತ್ತದೆ, ಆದ್ದರಿಂದ ಉಣ್ಣದ ಪ್ರತಿ ಹಾವೂ ರೋಗಿಯೆಂದು ನಾನು ಹೇಳುವುದಿಲ್ಲ. ತೂಕ ಇಳಿಯುತ್ತಿದೆಯೇ, ಉಸಿರಾಡುವಾಗ ಸದ್ದು ಬರುತ್ತಿದೆಯೇ, ಬಾಯಲ್ಲಿ ಲೋಳೆಯಿದೆಯೇ ಎಂದು ನೋಡದೆ ತೀರ್ಮಾನಿಸಲಾಗದು.

ಎರಡು ವರ್ಷಗಳ ಹಿಂದೆ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತಾಯಿಯೊಂದಿಗೆ ಇಂತಹದೇ ಹಾವನ್ನು ದಿಂಬಿನ ಕವರಿನಲ್ಲಿ ತಂದಿದ್ದಳು. ಮೊದಲೆಲ್ಲ ಮುಟ್ಟಿದರೆ ಉಂಡೆಯಾಗುತ್ತಿದ್ದದ್ದು ಈಗ ನೀಳವಾಗಿ ಮಲಗುತ್ತದೆ, ನನ್ನನ್ನು ಗುರುತು ಹಿಡಿದಿದೆ ಎಂದಳು. ಪರೀಕ್ಷಿಸಿದರೆ ಶ್ವಾಸಕೋಶದ ಸೋಂಕು. ಪೆಟ್ಟಿಗೆಯ ಬಿಸಿಹಾಸು ಕೆಟ್ಟು ಎಷ್ಟೋ ದಿನವಾಗಿತ್ತು, ಉಷ್ಣಮಾಪಕ ಇರಲೇ ಇಲ್ಲ. ಹಾವನ್ನು ಬೆಚ್ಚಗಿರಿಸಿ ಔಷಧ ಕೊಟ್ಟೆವು. ಮೂರನೆಯ ವಾರ ಅವಳು ನೋಡಲು ಬಂದು ಕೈಚಾಚಿದಾಗ ಅದು ಭುಸುಗುಟ್ಟಿ, ತಲೆಯನ್ನು ಒಳಗಿಟ್ಟು ಬಿಗಿಯಾದ ಉಂಡೆಯಾಯಿತು. ಹೆದರಿದಾಗ ಹೀಗೆ ಉಂಡೆಯಾಗುವುದೇ ಈ ಜಾತಿಯ ಸಹಜ ರಕ್ಷಣೆ. ಆ ತ್ರಾಣ ಮರಳಿತೆಂದು ನನಗೆ ಸಮಾಧಾನವಾಯಿತು, ಆ ಮಗುವಿನ ಕಣ್ಣಲ್ಲಿ ನೀರು. "ನನ್ನನ್ನು ಮರೆತುಬಿಟ್ಟಿತಾ ಡಾಕ್ಟ್ರೇ?" ಎಂದು ಕೇಳಿದಳು. ಈ ಪ್ರಶ್ನೆಗೆ ಗದರುವುದು ನನ್ನಿಂದಾಗದು, ಏಕೆಂದರೆ ಅದರ ಹಿಂದಿರುವುದು ನಿಜವಾದ ಮಮತೆ.

ಹಾವು ಏನನ್ನೂ ಕಲಿಯದೆಂದಲ್ಲ. ದಿನವೂ ಮೆಲ್ಲಗೆ, ಮೈಗೆ ಆಸರೆ ಕೊಟ್ಟು ಎತ್ತಿದರೆ ಈ ಕೈಯಿಂದ ಅಪಾಯವಿಲ್ಲವೆಂದು ಅದು ಒಗ್ಗಿಕೊಳ್ಳುತ್ತದೆ. ಆದರೆ ಆ ಒಗ್ಗುವಿಕೆ ಆ ಒಂದು ಹಾವಿನ ಆಯುಷ್ಯದೊಂದಿಗೆ ಮುಗಿಯುತ್ತದೆ, ಮತ್ತು ಅದೇ ಕೈಗೆ ಇಲಿಯ ವಾಸನೆ ಹತ್ತಿದ್ದರೆ ಆ ಕ್ಷಣವೇ ಮುರಿಯುತ್ತದೆ. ಸಾಕುಪ್ರಾಣಿಯಾಗುವುದು ಬೇರೆಯೇ ಸಂಗತಿ. ಅದು ಒಂದು ಜೀವಿಗಲ್ಲ, ತಲೆಮಾರುಗಳಿಗೆ ಆಗುವಂಥದ್ದು. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ತಳಿವಿಜ್ಞಾನಿ ದಿಮಿತ್ರಿ ಬೆಲ್ಯಾಯೆವ್ 1959ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ, ಮನುಷ್ಯರಿಗೆ ಕಡಿಮೆ ಹೆದರುವ ನರಿಗಳನ್ನಷ್ಟೇ ಆರಿಸಿ ಮರಿ ಮಾಡಿಸಿದರು. ಕೆಲವೇ ತಲೆಮಾರುಗಳಲ್ಲಿ ಜನರನ್ನು ಕಂಡು ಬಾಲ ಆಡಿಸುವ ನರಿಗಳು ಹುಟ್ಟಿದವು. ಬಾಲ್ ಪೈಥಾನ್‌ಗಳಲ್ಲಿ ಇಂತಹ ಆಯ್ಕೆ ನಡೆದಿಲ್ಲ. 1990ರ ದಶಕದಿಂದ ಅಮೆರಿಕ ಮತ್ತಿತರ ಕಡೆ ತಳಿಗಾರರು ಆರಿಸಿದ್ದು ಬಣ್ಣವನ್ನು: ಬಿಳಿಚು, ಮಚ್ಚೆ, ಬಲೆಯಂತಹ ಗೆರೆ. ಅದರ ಫಲವಾಗಿ 'ಸ್ಪೈಡರ್' ಎಂಬ ತಳಿಯಲ್ಲಿ ಗೆರೆಯ ಜೊತೆಗೇ ತಲೆ ಓಲಾಡುವ ನರದೋಷವೂ ವಂಶಕ್ಕೆ ಅಂಟಿಕೊಂಡಿತು. ತಲೆ ತೂಗಿ ನಿಮಗೆ ಪ್ರತಿಕ್ರಿಯಿಸುತ್ತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾಗರ, ಕೇರೆ ಮುಂತಾದ ನಮ್ಮ ನೆಲದ ಹಾವುಗಳನ್ನು ಸಾಕುವ ಮಾತೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಅಪರಾಧ. ಬಾಲ್ ಪೈಥಾನ್‌ನಂತಹ ವಿದೇಶಿ ಜಾತಿಗಳನ್ನು ಇಟ್ಟುಕೊಂಡವರೂ 2022ರ ತಿದ್ದುಪಡಿಯ ಬಳಿಕ ನೋಂದಣಿ ಮಾಡಿಸಬೇಕು. ದಾಖಲೆಗಳ ವಿಷಯದಲ್ಲಿ ಅರಣ್ಯ ಇಲಾಖೆಯನ್ನೇ ಕೇಳುವುದು ಕ್ಷೇಮ.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟೇ: ಬಿಸಿಹಾಸಿಗೆ ಥರ್ಮೋಸ್ಟಾಟ್ ಹಾಕಿಸಿ, ಎರಡೂ ತುದಿಗೆ ಉಷ್ಣಮಾಪಕ ಇಟ್ಟು, ಅಡಗಲು ಎರಡು ಗೂಡು ಕೊಟ್ಟು, ಒಂದು ತಿಂಗಳು ಎತ್ತಿಕೊಳ್ಳಬೇಡ, ಪ್ರತಿ ವಾರ ತೂಕ ಮಾತ್ರ ಬರೆದಿಡು. ಈಗಲೂ ಅವಳು ತೂಕದ ಪುಸ್ತಕದ ಫೋಟೊ ಕಳಿಸುತ್ತಾಳೆ. ಪ್ರೀತಿಯ ವಿಷಯವನ್ನು ಮತ್ತೆ ಕೇಳಿಲ್ಲ, ಆದರೆ ಒಂದು ವಾರವೂ ಬರೆಯದೆ ಬಿಟ್ಟಿಲ್ಲ.