ಹಿಂಡಿನಿಂದ ಇಡೀ ಮರಿ ಕೊಳ್ಳುವಾಗ

ದೀಪಾವಳಿ ಮುಗಿಯುತ್ತಿದ್ದಂತೆ ನನಗೆ ಒಂದೇ ಥರದ ಫೋನು ಬರತೊಡಗುತ್ತವೆ. "ಸಾಹೇಬ್ರ, ನಾವು ನಾಲ್ಕು ಮನಿಯವರು ಕೂಡಿ ಹೊಲದಾಗ ಮೇದ ಮರಿ ಒಂದು ತಗೋಬೇಕಂತ ಮಾಡೀವಿ. ಅಂಗಡಿಗಿಂತ ಅಗ್ಗ ಬೀಳತೈತೇನ್ರಿ?" ನಾನು ಬಾಗಲಕೋಟೆ ಕಡೆ ಕುರಿ-ಆಡುಗಳಿಗೆ ಔಷಧಿ ಕೊಡುವ ಪಶುವೈದ್ಯ. ಮಾರುವವರ ಪರಿಚಯವೂ ಇದೆ, ಕೊಳ್ಳುವವರ ಪರಿಚಯವೂ ಇದೆ. ನನ್ನ ಉತ್ತರ ಮಾತ್ರ ಯಾವಾಗಲೂ ಒಂದೇ. ಅಗ್ಗ ಬೀಳುವುದಿಲ್ಲ, ಆದರೂ ತಗೊಳ್ಳಿ.

ಲೆಕ್ಕ ನೋಡಿ. ಸಂಜೆ ಹೊಟ್ಟೆ ತುಂಬ ಮೇದು ಬಂದ ಟಗರು 30 ಕಿಲೋ ತೂಗಿತು ಅನ್ನಿ. ರಾತ್ರಿ ಮೇವು ಕೊಡದೆ, ನೀರು ಮಾತ್ರ ಇಟ್ಟು, ಬೆಳಿಗ್ಗೆ ತೂಗಿದರೆ 28ಕ್ಕೆ ಇಳಿದಿರುತ್ತದೆ. ಆ ಎರಡು ಕಿಲೋ ಹುಲ್ಲು, ಹಿಕ್ಕೆ, ಉಚ್ಚೆ. ಕೊಯ್ದು, ತಲೆ, ಕಾಲು, ತೊಗಲು, ಕರುಳು ತೆಗೆದ ಮೇಲೆ ಬಯಲಲ್ಲಿ ಮೇದ ಮರಿಯಲ್ಲಿ ಉಳಿಯುವುದು ನೂರಕ್ಕೆ 45ರ ಆಸುಪಾಸು. ಅಂದರೆ ಹನ್ನೆರಡೂವರೆ ಕಿಲೋ. ಮರಿಗೆ 10,500 ರೂಪಾಯಿ ಕೊಟ್ಟಿದ್ದರೆ ಕಿಲೋಗೆ 830 ದಾಟುತ್ತದೆ. ಕೊಯ್ದವರ ಕೂಲಿ ಬೇರೆ. ಆ ಹನ್ನೆರಡೂವರೆಯಲ್ಲೂ ಕಾಲು ಭಾಗಕ್ಕಿಂತ ಜಾಸ್ತಿ ಎಲುಬು. ತಲೆ, ಕಾಲು, ಕಲೀಜಾ, ಬೋಟಿ ಮೇಲಿನ ಲಾಭ. ಅವನ್ನು ತಿನ್ನುವ ಮನೆಗೆ ಲೆಕ್ಕ ಸರಿಹೋಗುತ್ತದೆ. ತಿನ್ನದ ಮನೆಗೆ ಸರಿಹೋಗುವುದಿಲ್ಲ.

ಆದ್ದರಿಂದ ಜೀವದ ತೂಕದ ಮೇಲೆ ದರ ಮಾಡುವುದಾದರೆ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ತೂಗಿಸಿ. ಮಳೆಯಲ್ಲಿ ನೆನೆದ ದಕ್ಕನಿ ಕುರಿಯನ್ನು ತೂಗಿಸಲೇಬೇಡಿ. ಉಣ್ಣೆಯೊಳಗಿನ ನೀರಿಗೂ ದುಡ್ಡು ಕೊಡಬೇಕಾಗುತ್ತದೆ. ಕುರಿಗಾರರು ಕಾಟಾ ಬಳಸುವುದೇ ಕಡಿಮೆ. ಅಮೀನಗಡದ ಸಂತೆಯಲ್ಲಾಗಲಿ ಕೆರೂರಿನಲ್ಲಾಗಲಿ ವ್ಯಾಪಾರ ನಡೆಯುವುದು ಕಣ್ಣಂದಾಜಿನ ಮೇಲೆ. ಬೆನ್ನ ಮೇಲೆ ಕೈಯಾಡಿಸಿ, ಸೊಂಟ ಹಿಡಿದು ಒಮ್ಮೆ ಎತ್ತಿ, ಇದರಲ್ಲಿ ಇಷ್ಟು ಕಿಲೋ ಖಂಡ ಬರುತ್ತದೆ ಅಂತ ಹೇಳುವ ದಲ್ಲಾಳಿ ಅರ್ಧ ಕಿಲೋ ಆಚೀಚೆ ಅಷ್ಟೇ ತಪ್ಪುತ್ತಾನೆ. ನೀವು, ನಾನು ಐದು ಕಿಲೋ ತಪ್ಪುತ್ತೇವೆ. ಹಾಗಾಗಿ ಹೊಸಬರು ಸಂತೆಗೆ ಹೋಗುವುದಕ್ಕಿಂತ ಪರಿಚಯದ ಕುರಿಗಾರರ ಹತ್ತಿರ, "ಕಾಕಾ, ಕೊಯ್ದ ಮೇಲೆ ಖಂಡ ತೂಗಿ ರೊಕ್ಕ ಕೊಡತೀವಿ" ಅಂತ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ದರ ಸ್ವಲ್ಪ ಜಾಸ್ತಿ ಹೇಳುತ್ತಾರೆ. ಹೇಳಲಿ. ತೂಕ ಕಮ್ಮಿ ಬಂದರೆ ನಷ್ಟ ಅವರದು ತಾನೆ? ತೊಗಲು, ತಲೆ, ಕಾಲು ಯಾರಿಗೆ ಅನ್ನುವುದೂ ಅದೇ ಮಾತಿನಲ್ಲಿ ತೀರಿಹೋಗಲಿ.

ಈಗ ಈ 'ಬಯಲಲ್ಲಿ ಮೇದ' ಅನ್ನುವ ವಿಷಯ. ಬೆಂಗಳೂರಿನಲ್ಲಿ ಇದಕ್ಕೆ ಬೇರೆ ದರ ಇರಬಹುದು. ನಮ್ಮಲ್ಲಿ ಕುರಿ ಅಂದರೆ ಬಯಲಲ್ಲಿ ಮೇಯುವುದೇ. ದಕ್ಕನಿ, ಯಳಗ, ಕೆಂಗುರಿ, ತಳಿ ಯಾವುದೇ ಇರಲಿ, ಜೋಳದ ಕೂಳೆ, ತೊಗರಿ ಎಲೆ, ಶೇಂಗಾ ಹೊಟ್ಟು, ಜಾಲಿ ಕಾಯಿ ತಿಂದು ಬೆಳೆಯುತ್ತದೆ. ರಾತ್ರಿ ಯಾರದೋ ಹೊಲದಲ್ಲಿ ತರುಬಿ ಅವರಿಗೆ ಗೊಬ್ಬರ ಕೊಡುತ್ತದೆ. ಹೊಸದಾಗಿ ಬಂದಿರುವುದು ಅಟ್ಟಣಿಗೆಯ ಮೇಲೆ ಸಾಕುವ ಶೆಡ್ಡುಗಳು. ಅಲ್ಲಿ ಗೋವಿನಜೋಳ, ಹಿಂಡಿ, ಕತ್ತರಿಸಿದ ಹಸಿಮೇವು ಹಾಕುತ್ತಾರೆ. ಅದೂ ಕೆಟ್ಟ ಮಾಂಸವಲ್ಲ. ಬೇಗ ಬೆಳೆಯುತ್ತದೆ, ಮೆತ್ತಗಿರುತ್ತದೆ, ಕೊಬ್ಬು ಜಾಸ್ತಿ. ಶೆಡ್ಡಿನ ಮರಿಯನ್ನು ಬಯಲಿನದು ಅಂತ ಮಾರುವುದು ಮಾತ್ರ ಸರಿಯಲ್ಲ.

ಅನುಮಾನ ಬಂದರೆ ಗೊರಸು ನೋಡಿ. ದಿನವೂ ಮೈಲಿಗಟ್ಟಲೆ ನಡೆದ ಕುರಿಯ ಗೊರಸು ಸವೆದು ಚೊಕ್ಕಟವಾಗಿರುತ್ತದೆ. ಶೆಡ್ಡಿನದರ ಗೊರಸು ಬೆಳೆದು ಮುಂದಕ್ಕೆ ಬಾಗಿರುತ್ತದೆ. ಕೂದಲಲ್ಲಿ ಧೂಳು, ಹುಲ್ಲಿನ ಮುಳ್ಳು ಸಿಕ್ಕಿಕೊಂಡಿರಬೇಕು. ಬಯಲಿನ ಮರಿಯ ಕೊಬ್ಬು ಹಳದಿ ಇರುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ದನದ ಮಾತು. ಕುರಿ, ಆಡುಗಳ ಕೊಬ್ಬು ಹಸಿರು ಮೇದರೂ ಬೆಳ್ಳಗೇ ಇರುತ್ತದೆ. ಹಳದಿ ಕಂಡರೆ ಕಾಮಾಲೆ ಇದೆಯಾ ಅಂತ ನಾನು ಮೊದಲು ಕಣ್ಣಿನ ಬಿಳಿಭಾಗ ನೋಡುತ್ತೇನೆ. ಹುಲ್ಲು ಮೇದ ಮಾಂಸದಲ್ಲಿ ಒಮೆಗಾ-3 ಕೊಬ್ಬು ಸ್ವಲ್ಪ ಜಾಸ್ತಿ ಅನ್ನುವುದು ನಿಜ. ಅದು ಮೀನಿನ ಮುಂದೆ ತೀರಾ ಅಲ್ಪ. ಹೃದಯದ ತೊಂದರೆ ಇರುವವರು ಅದೇ ನೆವದಲ್ಲಿ ಎರಡು ತುಂಡು ಜಾಸ್ತಿ ಹಾಕಿಸಿಕೊಳ್ಳಬೇಡಿ.

ಬಯಲಿನ ಮರಿಗೆ ಕಾಲ ಮುಖ್ಯ. ಶೆಡ್ಡಿನದು ವರ್ಷವಿಡೀ ಒಂದೇ ಥರ ಸಿಗುತ್ತದೆ. ಹೊಲದ್ದು ಹಾಗಲ್ಲ. ನವೆಂಬರಿನಿಂದ ಜನವರಿವರೆಗೆ, ಸಂಕ್ರಾಂತಿಯ ಕರಿ ತನಕ, ಮರಿ ಮೈ ತುಂಬಿಕೊಂಡಿರುತ್ತದೆ. ಏಪ್ರಿಲ್-ಮೇನಲ್ಲಿ ಬೆನ್ನೆಲುಬು ಕೈಗೆ ಸಿಗುತ್ತದೆ. ಆಗ ಕೊಂಡರೆ ಎಲುಬನ್ನೇ ಕೊಂಡಂತೆ. ಜೂನಿನ ಮೊದಲ ಮಳೆ ಬಿದ್ದು ಎಳೆ ಹುಲ್ಲು ಎದ್ದಾಗ ಕರುಳು ಬೇನೆ, ಭೇದಿ ಶುರುವಾಗುತ್ತದೆ. ಹಿಂಡಿಗೆಲ್ಲ ಔಷಧಿ ಹಾಕುವ ಕಾಲ ಅದು. ಶ್ರಾವಣದಲ್ಲಿ ದರ ಇಳಿಯುತ್ತದೆ, ಬಕ್ರೀದಿಗೆ, ಊರ ಜಾತ್ರೆಗಳಿಗೆ ಏರುತ್ತದೆ. ದರ ನೋಡಿ ಓಡಬೇಡಿ, ಬೆನ್ನು ಮುಟ್ಟಿ ನೋಡಿ. ಸೊಂಟದ ಹತ್ತಿರ ಹೆಬ್ಬೆರಳಿಂದ ಒತ್ತಿದಾಗ ಎಲುಬಿನ ತುದಿ ಚೂಪಾಗಿ ಚುಚ್ಚಬಾರದು, ಪೂರ್ತಿ ಹೂತುಹೋಗಿಯೂ ಇರಬಾರದು.

ಹಲ್ಲು ನೋಡುವುದು ಎಲ್ಲರಿಗೂ ಗೊತ್ತಿದೆ. ಬರೀ ಹಾಲುಹಲ್ಲು ಇದ್ದರೆ ಸಾಮಾನ್ಯವಾಗಿ ವರ್ಷ, ಸವಾ ವರ್ಷದ ಒಳಗಿನದು. ಎರಡು ಹಲ್ಲು ಹಚ್ಚಿದ್ದರೆ ಅದನ್ನು ದಾಟಿದೆ. ನಾಲ್ಕಾದರೆ ಎರಡು ವರ್ಷದ ಹತ್ತಿರ. ಸುಕ್ಕಾ ಮಾಡುವವರಿಗೆ ಹಾಲುಹಲ್ಲಿನದು ಬೇಕು. ಸಾರಿಗೆ, ಜೋಳದ ರೊಟ್ಟಿ ಜತೆಗೆ, ನನಗಂತೂ ಎರಡು ಹಲ್ಲಿನದೇ ರುಚಿ. ಹೋತದ ವಿಷಯದಲ್ಲಿ ಮಾತ್ರ ಹುಷಾರು. ಪ್ರಾಯಕ್ಕೆ ಬಂದ, ಬೀಜ ಒಡೆಯದ ಹೋತದ ನಾತ ಯಾವ ಮಸಾಲೆಗೂ ಹೋಗುವುದಿಲ್ಲ. ಉಸ್ಮಾನಾಬಾದಿ ತಳಿಯ ಹೋತಮರಿ ಬೇಕಿದ್ದರೆ ಬೀಜ ಒಡೆಸಿದ್ದನ್ನೇ ಕೇಳಿ, ಇಲ್ಲವೇ ಆರು ತಿಂಗಳೊಳಗಿನದು ತಗೊಳ್ಳಿ. ತೊಗಲು ಸುಲಿಯುವವರು ಕೂದಲು ಮುಟ್ಟಿದ ಕೈಯಲ್ಲೇ ಖಂಡ ಮುಟ್ಟಿದರೂ ಆ ವಾಸನೆ ಹತ್ತುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆ ಇದೆ. "ಇದಕ್ಕ ಕಡೀಕ ಸೂಜಿ ಯಾವಾಗ ಮಾಡಿಸಿದ್ರಿ?" ಬಯಲಲ್ಲಿ ಮೇದದ್ದು ಅಂದಮಾತ್ರಕ್ಕೆ ಔಷಧಿ ಕಾಣದ ಮರಿ ಅಂತಲ್ಲ. ಹೊಲ ಹೊಲ ಸುತ್ತುವ ಹಿಂಡಿಗೆ ಜಂತಿನ ಕಾಟ ಜಾಸ್ತಿ. ವರ್ಷಕ್ಕೆ ಒಂದೆರಡು ಸಲವಾದರೂ ಔಷಧಿ ಕುಡಿಸಲೇಬೇಕು, ಕುಡಿಸದಿದ್ದರೆ ಮರಿ ಬದುಕುವುದೇ ಕಷ್ಟ. ಔಷಧಿ ಕೊಟ್ಟದ್ದು ತಪ್ಪಲ್ಲ. ಕೊಟ್ಟು ಎಷ್ಟು ದಿನವಾಯಿತು ಅನ್ನುವುದು ಮುಖ್ಯ. ಕೆಲವು ಜಂತುನಾಶಕಗಳಿಗೆ ವಾರ, ಹತ್ತು ದಿನ ಸಾಕು. ಐವರ್ಮೆಕ್ಟಿನ್ ಸೂಜಿ, ತುಂಬಾ ದಿನ ಕೆಲಸ ಮಾಡುವ ಟೆಟ್ರಾಸೈಕ್ಲಿನ್ ಸೂಜಿ ಆಗಿದ್ದರೆ ನಾಲ್ಕರಿಂದ ಆರು ವಾರ ಕೊಯ್ಯಬಾರದು. ಔಷಧಿ ಮೈಯಿಂದ ಹೊರಗೆ ಹೋಗಲು ಅಷ್ಟು ಸಮಯ ಬೇಕು. ಎಲ್ಲ ಮರೆತರೂ ಆರು ವಾರ ಅನ್ನುವುದು ನೆನಪಿಟ್ಟುಕೊಳ್ಳಿ. ಮರಿಯನ್ನು ಮೊದಲೇ ಗುರುತು ಹಾಕಿಸಿ, ಮುಂಗಡ ಕೊಟ್ಟು, "ಇದಕ್ಕ ಇನ್ನ ಏನೂ ಹಾಕಬ್ಯಾಡ್ರಿ, ಜಡ್ಡು ಬಂದ್ರ ಹೇಳ್ರಿ, ಬ್ಯಾರೆ ಮರಿ ತಗೋತೀವಿ" ಅಂದರೆ ಕುರಿಗಾರರು ಖಂಡಿತ ಒಪ್ಪುತ್ತಾರೆ. ಪಿಪಿಆರ್ (ಕುರಿ-ಆಡುಗಳ ಪ್ಲೇಗು), ಕರುಳು ಬೇನೆಯ ಲಸಿಕೆ ಹಾಕಿಸಿದ ಹಿಂಡಾದರೆ ಒಳ್ಳೆಯದೇ. ಲಸಿಕೆ ಕಂಡು ಹೆದರಬೇಡಿ.

ಜಡ್ಡಾಗಿ ಬಿದ್ದದ್ದನ್ನು ಸಾಯುವ ಮುಂಚೆ ಕೊಯ್ದು ಅರ್ಧ ದರಕ್ಕೆ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಇದ್ದಕ್ಕಿದ್ದಂತೆ ಸತ್ತು, ಮೂಗು ಅಥವಾ ಗುದದಿಂದ ರಕ್ತ ಬಂದಿದ್ದರೆ ಅದು ನೆರಡಿ, ಅಂದರೆ ಆಂಥ್ರಾಕ್ಸ್, ಇರಬಹುದು. ಅದನ್ನು ಕೊಯ್ಯುವುದಿರಲಿ, ತೊಗಲು ಸಹ ಸುಲಿಯಬಾರದು. ಸುಲಿದವರಿಗೇ ರೋಗ ಹತ್ತುತ್ತದೆ.

ಆರೋಗ್ಯವಾಗಿ ಓಡಾಡುವ ಮರಿಯ ಹೊಟ್ಟೆಯಲ್ಲೂ ನೋಡುವಂಥದ್ದು ಇರುತ್ತದೆ. ಕೊಯ್ಯುವಾಗ ನಾಲ್ಕು ಮನೆಯಲ್ಲಿ ಒಬ್ಬರಾದರೂ ಅಲ್ಲಿರಿ. ಕಲೀಜಾ ನಯವಾಗಿ, ಅಂಚು ಚೂಪಾಗಿ ಇರಬೇಕು. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ, ಕಾಲುವೆ ಬದಿಯಲ್ಲಿ ಮೇದ ಹಿಂಡುಗಳಲ್ಲಿ ಚಪ್ಪಟೆ ಹುಳು ಸಿಗುತ್ತದೆ. ನೀರಿನ ಬಸವನಹುಳುವಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಬರುತ್ತದೆ. ಅಂಥ ಕಲೀಜಾದ ಪಿತ್ತನಾಳಗಳು ದಪ್ಪಗಾಗಿರುತ್ತವೆ. ಕೊಯ್ದರೆ ಎಲೆಯಂಥ ಹುಳು ಹೊರಬರುತ್ತದೆ. ಕಲೀಜಾ ಬಿಸಾಕಿ, ಉಳಿದ ಖಂಡಕ್ಕೆ ಏನೂ ಆಗಿಲ್ಲ.

ಪುಪ್ಪುಸ, ಕಲೀಜಾದಲ್ಲಿ ನೀರು ತುಂಬಿದ ಬಿಳಿ ಗುಳ್ಳೆ ಕಂಡರೆ ಅದು ಇನ್ನೊಂದು ಕತೆ. ಆ ಗುಳ್ಳೆ ತಿಂದು ನಮಗೆ ರೋಗ ಬರುವುದಿಲ್ಲ. ನಾಯಿ ತಿನ್ನುತ್ತದೆ, ಅದರ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ, ಅದರ ಹೇಲಿನಲ್ಲಿ ಮೊಟ್ಟೆ ಬೀಳುತ್ತದೆ. ಆ ಮೊಟ್ಟೆ ಸೊಪ್ಪಿನ ಮೇಲೋ ಮಕ್ಕಳ ಕೈಗೋ ಅಂಟಿ ನಮ್ಮ ಹೊಟ್ಟೆ ಸೇರುತ್ತದೆ. ನಮ್ಮ ಲಿವರಿನಲ್ಲೇ ಅಂಥ ಗುಳ್ಳೆ ಬೆಳೆದು ಆಪರೇಷನ್ ತನಕ ಹೋಗುತ್ತದೆ. ಕೊಯ್ಯುವ ಜಾಗದ ಸುತ್ತ ನಾಯಿಗಳು ಕೂತಿರುತ್ತವೆ, ಯಾರೋ ಪಾಪ ಅಂತ ಎಸೆಯುತ್ತಾರೆ. ಎಸೆಯಬೇಡಿ. ಆಳವಾಗಿ ಹೂಳಿ, ಇಲ್ಲವೇ ಸುಟ್ಟುಬಿಡಿ.

ಎಲ್ಲಿ ಕೊಯ್ಯುವುದು? 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಿ ಪರವಾನಗಿ ಇರುವ ಜಾಗದಲ್ಲಷ್ಟೇ ಕೊಯ್ಯಬಹುದು. ಗಬ್ಬದ್ದನ್ನು, ಮೂರು ತಿಂಗಳೊಳಗಿನ ಮರಿಯನ್ನು ಅಲ್ಲಿ ಕೊಯ್ಯುವಂತಿಲ್ಲ. ಹಳ್ಳಿಯಲ್ಲಾದರೆ ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಯಾರ ಮನೆಯ ಮರಿಯಾದರೂ ಮುಲ್ಲಾ ಅವರನ್ನೇ ಕರೆಯುತ್ತಾರೆ. ಕೈ ಪಳಗಿದವರು, ರಕ್ತ ಪೂರ್ತಿ ಬಸಿಯುತ್ತದೆ. ಮರಿಯನ್ನು ಬೈಕಿಗೆ ಕಟ್ಟಿಕೊಂಡು ಬಂದು ಇಳಿಸಿದ ಕೂಡಲೇ ಕೊಯ್ಯಬೇಡಿ. ಹೆದರಿ, ಒದ್ದಾಡಿ ದಣಿದ ಪ್ರಾಣಿಯ ಖಂಡ ಕಪ್ಪಾಗುತ್ತದೆ, ಬೇಗ ಕೆಡುತ್ತದೆ. ಒಂದು ರಾತ್ರಿ ನೆರಳಲ್ಲಿ, ಸಾಧ್ಯವಾದರೆ ಜೊತೆಗೆ ಇನ್ನೊಂದು ಮರಿ ಕಟ್ಟಿ, ಸುಮ್ನೆ ಬಿಡಿ.

ಬಹಳ ಜನ ಖಂಡ ಕೆಡಿಸುವುದು ಇದರ ನಂತರ. "ಸಾಹೇಬ್ರ, ಎಳೀ ಮರೀನೇ ಇತ್ತು, ಆರು ಸೀಟಿ ಹೊಡದ್ರೂ ರಬ್ಬರ್ ಇದ್ದಂಗ ಐತಿ" ಅನ್ನುವ ದೂರಿನಲ್ಲಿ ಮರಿಯ ತಪ್ಪು ಕಡಿಮೆ, ಫ್ರಿಜ್ಜಿನ ತಪ್ಪು ಜಾಸ್ತಿ. ಕೊಯ್ದು ಒಂದು ಗಂಟೆಯೊಳಗೆ ಒಲೆ ಏರಿದ ಖಂಡ ಮೆತ್ತಗೆ ಬೇಯುತ್ತದೆ. ಆಮೇಲೆ ಸ್ನಾಯು ಬಿಗಿಯಲು ಶುರುವಾಗುತ್ತದೆ. ಹತ್ತು ಹನ್ನೆರಡು ಗಂಟೆ ಗಟ್ಟಿಯಾಗೇ ಇರುತ್ತದೆ. ಒಂದು ದಿನ ತಂಪಲ್ಲಿಟ್ಟರೆ ತಾನಾಗಿ ಸಡಿಲವಾಗುತ್ತದೆ. ಬಿಗಿಯುವ ಮುಂಚೆಯೇ ಬಿಸಿ ಖಂಡವನ್ನು ಫ್ರೀಜರಿಗೆ ತುರುಕಿದರೆ ಚಳಿಗೆ ಸ್ನಾಯು ಮುದುಡಿಕೊಂಡುಬಿಡುತ್ತದೆ. ಅದನ್ನು ಮತ್ತೆ ಮೆತ್ತಗೆ ಮಾಡುವುದು ಬಲು ಕಷ್ಟ. ಬಯಲಿನ ಮರಿಗೆ ಮೈಮೇಲೆ ಕೊಬ್ಬಿನ ಹೊದಿಕೆ ಕಡಿಮೆ. ಅದಕ್ಕೆ ಚಳಿ ಬೇಗ ತಾಗುತ್ತದೆ, ಈ ತೊಂದರೆಯೂ ಜಾಸ್ತಿ.

ಹೀಗೆ ಮಾಡಿ. ನಸುಕಿನಲ್ಲಿ ಕೊಯ್ಯಿಸಿ. ಇಡೀ ಮೈಯನ್ನು ನೆರಳಲ್ಲಿ, ತೆಳು ಬಟ್ಟೆ ಸುತ್ತಿ ಮೂರ್ನಾಲ್ಕು ಗಂಟೆ ತೂಗುಹಾಕಿ. ಡಿಸೆಂಬರಿನ ಬೆಳಗಿನ ತಂಪು ಅದಕ್ಕೆ ಸಾಕು. ಬಿಸಿಲೇರುವ ಮುಂಚೆ ದೊಡ್ಡ ತುಂಡು ಮಾಡಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದು ದಿನ ಇಡಿ. ಮರುದಿನ ಸಣ್ಣ ತುಂಡು ಮಾಡಿ ಫ್ರೀಜರಿಗೆ ಹಾಕಿ. ಮೇ ತಿಂಗಳ 40 ಡಿಗ್ರಿಯಲ್ಲಿ ಇದು ಆಗದ ಕೆಲಸ. ಆಗ ಕೊಯ್ದರೆ ಅಂದೇ ಬೇಯಿಸಿ ಮುಗಿಸಬೇಕು.

ಮನೆಯ ಫ್ರಿಜ್ಜಿಗೆ ಹನ್ನೆರಡು ಕಿಲೋ ಒಟ್ಟಿಗೆ ತಂಪು ಮಾಡುವ ತಾಕತ್ತಿಲ್ಲ. ಹೊರಗೆ ಗಟ್ಟಿಯಾಗುತ್ತದೆ, ನಡುವೆ ಬೆಚ್ಚಗೇ ಉಳಿದು ವಾಸನೆ ಬರುತ್ತದೆ. ನಾಲ್ಕು ಮನೆಗೆ ಮೂರು ಮೂರು ಕಿಲೋ ಅಂದರೆ ಸರಿಯಾಗುತ್ತದೆ. ಪಾಲು ಹಾಕುವಾಗ ತೊಡೆ ಒಬ್ಬರಿಗೆ, ಪಕ್ಕೆಲುಬು ಒಬ್ಬರಿಗೆ ಅಂತಾದರೆ ಜಗಳ ಖಾತ್ರಿ. ತೊಡೆ, ಮುಂಗಾಲು, ಪಕ್ಕೆ, ಕುತ್ತಿಗೆ ಒಂದೊಂದನ್ನೂ ನಾಲ್ಕು ಮಾಡಿ. ತೂಗಿದ್ದು ಒಬ್ಬರಾದರೆ ಆರಿಸುವುದು ಮಕ್ಕಳಿಂದ ಆಗಲಿ.

ಫ್ರೀಜರಿಗೆ ಹಾಕುವ ಖಂಡವನ್ನು ತೊಳೆಯಬೇಡಿ, ಬೇಯಿಸುವ ದಿನ ತೊಳೆಯಿರಿ. ಒಂದು ಸಲದ ಅಡುಗೆಗೆ ಆಗುವಷ್ಟು ಹಾಕಿ, ಗಾಳಿ ಒತ್ತಿ ತೆಗೆದು, ಪೊಟ್ಟಣವನ್ನು ಚಪ್ಪಟೆ ಮಾಡಿ, ಮೇಲೆ ತಾರೀಖು ಬರೆಯಿರಿ. ಎಲುಬಿನ ತುಂಡುಗಳನ್ನು ಮೂರು ತಿಂಗಳೊಳಗೆ, ಖೀಮಾ, ಕಲೀಜಾ ಇಟ್ಟಿದ್ದರೆ ತಿಂಗಳೊಳಗೆ ಮುಗಿಸಿ. ಬೋಟಿ ಅಂದೇ ಆಗಬೇಕು. ಕರೆಂಟು ಹೋದರೆ ಬಾಗಿಲು ತೆಗೆದು ತೆಗೆದು ನೋಡಬೇಡಿ. ಕರೆಂಟು ಬಂದ ಮೇಲೆ ತುಂಡುಗಳ ನಡುವೆ ಇನ್ನೂ ಮಂಜುಗಡ್ಡೆ ಇದ್ದರೆ ಹಾಗೇ ಬಿಡಬಹುದು. ಕರಗಿ ಮೆತ್ತಗಾಗಿದ್ದು ತಣ್ಣಗೇ ಇದ್ದರೆ ಅಂದೇ ಒಲೆ ಮೇಲಿಡಿ. ಬೆಚ್ಚಗಾಗಿದ್ದರೆ ಮುಲಾಜಿಲ್ಲದೆ ಹೂಳಿಬಿಡಿ.