ಕಲ್ಲಿನ ಕಾಂತತೆಯಿಂದ ನೆಲದ ತುಂಡುಗಳ ಹಳೆಯ ಜಾಗ ಪತ್ತೆಹಚ್ಚುವುದು

ನೆಲದ ದೊಡ್ಡ ತುಂಡುಗಳು ಕಾಲಾಂತರದಲ್ಲಿ ಜರುಗುತ್ತವೆ, ತಿರುಗುತ್ತವೆ; ಅದರ ಗುರುತು ಅಲ್ಲಿನ ಕಲ್ಲಿನ ಕಾಂತತೆಯಲ್ಲಿ ಸಿಗುತ್ತದೆ. ಲಾವಾ ಶಿಲೆಯಲ್ಲಿರುವ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ತಣಿಯುತ್ತ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಆ ಕಾಲದ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಡುತ್ತವೆ. ಒಂದು ಮಾತು ನೆನಪಿರಲಿ: ಆ ಹೊತ್ತಿಗೆ ಕಲ್ಲು ಆಗಲೇ ಗಟ್ಟಿಯಾಗಿರುತ್ತದೆ. ಕಣಗಳು ಹೊರಳುವುದಿಲ್ಲ, ಅವುಗಳೊಳಗಿನ ಕಾಂತತೆಯ ದಿಕ್ಕಷ್ಟೇ ಹೊಂದಿಕೊಳ್ಳುತ್ತದೆ.

ನಾವು ಅಳೆಯುವುದು ಎರಡು ಕೋನ. ಕಾಂತದಿಕ್ಕು ಸಮತಲದಿಂದ ಎಷ್ಟು ವಾಲಿದೆ ಎನ್ನುವುದು ನತಿ. ಅದರಿಂದ ಹಳೆಯ ಅಕ್ಷಾಂಶ ಸಿಗುತ್ತದೆ:

ಟ್ಯಾನ್ (ನತಿ) = 2 × ಟ್ಯಾನ್ (ಅಕ್ಷಾಂಶ)

ನತಿ 49 ಡಿಗ್ರಿ ಬಂದರೆ ಅಕ್ಷಾಂಶ ಸುಮಾರು 30. ಸಾವಿರಾರು ವರ್ಷಗಳ ಸರಾಸರಿಯಲ್ಲಿ ಭೂಕಾಂತಕ್ಷೇತ್ರವು ಭೂಮಿಯ ಅಕ್ಷದ ಗುಂಟ ಇಟ್ಟ ದಂಡಕಾಂತದಂತಿರುತ್ತದೆ ಎಂದು ಒಪ್ಪಿಕೊಂಡೇ ಈ ಸೂತ್ರ ಬಳಸುತ್ತೇವೆ. ಆದ್ದರಿಂದ ಒಂದೇ ಲಾವಾ ಪದರ ಸಾಲದು, ಬೇರೆ ಬೇರೆ ಕಾಲದ ಹಲವು ಪದರಗಳು ಬೇಕು. ರೇಖಾಂಶ ಮಾತ್ರ ಈ ಲೆಕ್ಕದಲ್ಲಿ ಸಿಗುವುದಿಲ್ಲ.

ಇನ್ನೊಂದು ಕೋನ ದಿಕ್ಪಾತ, ಅಂದರೆ ಉತ್ತರದಿಂದ ಎಷ್ಟು ಪಕ್ಕಕ್ಕೆ ಸರಿದಿದೆ ಎಂಬುದು. ಅದೇ ವಯಸ್ಸಿನ ಸ್ಥಿರ ಭೂಖಂಡದ ಶಿಲೆಗಳಿಂದ ಲೆಕ್ಕ ಹಾಕಿದ ದಿಕ್ಕಿಗೂ ಇದಕ್ಕೂ ಇರುವ ವ್ಯತ್ಯಾಸವೇ ಆ ಕಲ್ಲಿರುವ ನೆಲದ ತುಂಡು ತಿರುಗಿದ ಪ್ರಮಾಣ. ಕ್ಯಾಲಿಫೋರ್ನಿಯಾದ ಪಶ್ಚಿಮ ಟ್ರಾನ್ಸ್‌ವರ್ಸ್ ಪರ್ವತಸಾಲು ಮಯೋಸೀನ್ ಕಾಲದಿಂದೀಚೆಗೆ (ಅದು ಸುಮಾರು 2.3 ಕೋಟಿ ವರ್ಷಗಳ ಹಿಂದೆ ಶುರುವಾದ ಕಾಲಘಟ್ಟ) ಸುಮಾರು 90 ಡಿಗ್ರಿ ಪ್ರದಕ್ಷಿಣವಾಗಿ ತಿರುಗಿದೆ ಎಂದು ಗೊತ್ತಾದದ್ದು ಹೀಗೆಯೇ. ನೆರೆಯ ಬೆಟ್ಟಸಾಲುಗಳು ವಾಯವ್ಯ-ಆಗ್ನೇಯವಾಗಿ ಚಾಚಿದ್ದರೆ ಇದೊಂದು ಪೂರ್ವ-ಪಶ್ಚಿಮವಾಗಿ ಅಡ್ಡ ಬಿದ್ದಿದೆ. ನಕ್ಷೆ ತೆರೆದು ನೋಡಿ, ಈ ವಿಷಯ ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಆದರೆ ಈ ಕೋನಗಳನ್ನು ನಂಬುವ ಮೊದಲು ಆ ಕಾಂತತೆ ಯಾವಾಗಿನದು ಎಂದು ಕೇಳಲೇಬೇಕು. ನನ್ನ ಮಟ್ಟಿಗೆ ಇಡೀ ವಿಧಾನದ ಜೀವ ಈ ಪ್ರಶ್ನೆಯಲ್ಲಿದೆ. ಮೊದಲು ಮಾದರಿಯನ್ನು ಹಂತಹಂತವಾಗಿ ಕಾಯಿಸಿ, ಕ್ಷೇತ್ರವಿಲ್ಲದ ಜಾಗದಲ್ಲಿ ತಣಿಸಿ, ಮೇಲೆ ಬಂದು ಕೂತ ಹೊಸ ಕಾಂತತೆಯನ್ನು ಕಳೆಯುತ್ತಾರೆ. ಆಮೇಲೆ ಭೂವಿಜ್ಞಾನಿ ಜಾನ್ ಗ್ರಹಾಂ 1949ರಲ್ಲಿ ಮುಂದಿಟ್ಟ ಮಡಿಕೆ ಪರೀಕ್ಷೆ. ಮಡಿಕೆ ಎಂದರೆ ಒತ್ತಡಕ್ಕೆ ಸಿಕ್ಕಿ ಕಲ್ಲಿನ ಪದರಗಳು ಬಾಗಿ ಮಡಿಚಿಕೊಂಡ ಜಾಗ. ಮಡಿಕೆಯ ಎರಡೂ ಪಕ್ಕದ ಪದರಗಳನ್ನು ಲೆಕ್ಕದಲ್ಲಿ ಮತ್ತೆ ಸಮತಟ್ಟಾಗಿಸಬೇಕು. ಚದುರಿದ್ದ ದಿಕ್ಕುಗಳು ಆಗ ಒಂದಾದರೆ ಕಾಂತತೆ ಮಡಿಕೆಗಿಂತ ಹಳೆಯದು. ಬಿಡಿಸುವ ಮೊದಲೇ ಒಂದಾಗಿದ್ದು, ಬಿಡಿಸಿದ ಮೇಲೆ ಚದುರಿದರೆ ಅದು ಮಡಿಕೆಯಾದ ನಂತರ ಸೇರಿಕೊಂಡದ್ದು. ಅಂಥ ಕಲ್ಲು ತನ್ನ ಹುಟ್ಟಿದ ಜಾಗವನ್ನು ಹೇಳಲಾರದು.

ಜಲಜ ಶಿಲೆಗಳಲ್ಲಿ, ಅಂದರೆ ಕೆಸರು, ಮರಳು ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲುಗಳಲ್ಲಿ, ಇನ್ನೊಂದು ಎಚ್ಚರ ಬೇಕು. ಕೆಸರು ಒತ್ತಿ ಅಡಕವಾಗುವಾಗ ನತಿ ತಗ್ಗುತ್ತದೆ, ಹಾಗಾಗಿ ಅಕ್ಷಾಂಶ ನಿಜಕ್ಕಿಂತ ಕಡಿಮೆ ಬರುತ್ತದೆ. ದಿಕ್ಪಾತಕ್ಕೆ ಈ ತೊಂದರೆಯಿಲ್ಲ, ತಿರುಗಿದ ಲೆಕ್ಕಕ್ಕೆ ಅದನ್ನು ಬಳಸಬಹುದು.